ಅರ್ಧ ಹಳತು, ಅರ್ಧ ಹೊಸತು

ಸಂಸ್ಕೃತ ಶಾಸ್ತ್ರಗ್ರಂಥಗಳಲ್ಲಿ ‘ಅರ್ಧಜರತೀಯ’ವೆಂಬ ನ್ಯಾಯವೊಂದುಂಟು. ಒಂದೇ ದೇಹವು ಅರ್ಧ ಮುಪ್ಪಿನಲ್ಲಿಯೂ ಅರ್ಧ ತಾರುಣ್ಯದಲ್ಲಿಯೂ ಇರಲಾರದೆಂಬುದು ಅದರ ತಾತ್ಪರ್ಯ. ಪಾಠಶಾಲೆಯಲ್ಲಿ ಎಷ್ಟೋ ವರ್ಷ ಇದನ್ನು ಮಕ್ಕಳಿಗೆ ವಿವರಿಸಿ ಹೇಳಿದ ನಾವು, ಸ್ವಂತ ಮನೆಯ ಕಂಪ್ಯೂಟರಿನ ಯು.ಪಿ.ಎಸ್. ಪೆಟ್ಟಿಗೆಯ ವಿಷಯದಲ್ಲಿ ಮಾತ್ರ ಮರೆತುಬಿಟ್ಟೆವು. ಆ ಮರೆವಿಗೆ ತೆತ್ತ ದಂಡವನ್ನು ವಾಚಕರ ಮುಂದಿಡುವುದೇ ಈ ತಿಂಗಳ ನಮ್ಮ ಉದ್ದೇಶ.

ನಮ್ಮ ಸೊಸೆಯು ಮನೆಯಲ್ಲಿಯೇ ಕುಳಿತು ಲೆಕ್ಕಪತ್ರಗಳ ಕೆಲಸ ಮಾಡತಕ್ಕವಳು. ಆಕೆಯ ಕಂಪ್ಯೂಟರಿಗೆ ಆಸರೆಯಾದ ಪೆಟ್ಟಿಗೆಯಲ್ಲಿ 12 ವೋಲ್ಟಿನ ಎರಡು ಬ್ಯಾಟರಿಗಳು ಒಂದರ ಬೆನ್ನಿಗೊಂದು ಜೋಡಿಸಲ್ಪಟ್ಟು, 24 ವೋಲ್ಟು ಕೊಡುತ್ತಿದ್ದವು. ನಾಲ್ಕನೆಯ ವರ್ಷದಲ್ಲಿ, ವಿದ್ಯುತ್ತು ಹೋದ ಎರಡೇ ನಿಮಿಷಕ್ಕೆ ಪೆಟ್ಟಿಗೆ ಕೂಗಿ ನಿಂತುಹೋಗತೊಡಗಿತು. ರಿಪೇರಿಯ ಹುಡುಗನು ಬಂದು ಮೀಟರು ಹಿಡಿದು ನೋಡಿ, “ಒಂದು ಪೂರ್ತಿ ಹೋಗಿದೆ ಮೇಷ್ಟ್ರೇ, ಇನ್ನೊಂದು ಸುಮಾರಾಗಿದೆ, ಆದರೂ ಎರಡನ್ನೂ ಬದಲಾಯಿಸಿಬಿಡಿ” ಎಂದನು. ಸುಮಾರಾಗಿರುವುದನ್ನು ಎಸೆಯುವುದೇಕೆಂದು ನಾವು ವಾದಿಸಿ, ಒಂದನ್ನೇ ಹೊಸದಾಗಿ ಹಾಕಿಸಿದೆವು. ಪಿಂಚಣಿಯ ಗೃಹಸ್ಥನಿಗೆ ಮಿತವ್ಯಯವೇ ಭೂಷಣವೆಂದು ಆ ದಿನ ಬೀಗಿದ್ದೂ ಉಂಟು.

ಐದು ತಿಂಗಳು ತುಂಬುವುದರೊಳಗಾಗಿ, ಮಾರ್ಚಿ ತಿಂಗಳ ಒಂದು ಸಂಜೆ, ವರ್ಷಾಂತ್ಯದ ಲೆಕ್ಕದ ನಡುವೆ ವಿದ್ಯುತ್ತು ಹೋಯಿತು. ಅದರೊಡನೆ ಪೆಟ್ಟಿಗೆಯೂ ನಿಂತಿತು. ಮೂರು ಗಂಟೆಗಳ ಕೆಲಸ ನೀರಿನಲ್ಲಿ ಹೋಮವಾಯಿತು. ಅದಕ್ಕಿಂತಲೂ ಮಿಗಿಲಾದುದು, ಪೆಟ್ಟಿಗೆಯನ್ನು ಬಿಚ್ಚಿದಾಗ ಕಂಡದ್ದು. ಹೊಸ ಬ್ಯಾಟರಿಯೂ ಸೇರಿ ಎರಡೂ ಉಬ್ಬಿಹೋಗಿದ್ದವು. ಒಂದರ ಪಕ್ಕವು ಕೈಯಿಡಲಾಗದಷ್ಟು ಕಾದಿತ್ತು. ಸೊಸೆಯು ಕೆಲಸ ಹೋದುದಕ್ಕೆ ಒಂದು ಮಾತೂ ಆಡಲಿಲ್ಲ. “ಮಾವ, ಮಗು ಆಡೋದು ಈ ಮೇಜಿನ ಕೆಳಗೇನೇ ಅಲ್ಲವೇ?” ಎಂದಳು, ಅಷ್ಟೆ. ನಮಗೆ ಉತ್ತರ ಹೊಳೆಯಲಿಲ್ಲ.

ಕಾರಣವನ್ನು ಅನಂತರ ವಿಚಾರಿಸಿ ತಿಳಿದೆವು. ಹೀಗೆ ಸಾಲಾಗಿ ಜೋಡಿಸಿದ ಬ್ಯಾಟರಿಗಳಲ್ಲಿ ಒಂದೇ ಪ್ರವಾಹವು ಎರಡರಲ್ಲಿಯೂ ಹರಿಯುವುದು. ಹಳೆಯದು ಬೇಗನೆ ಬರಿದಾದರೂ ಹೊಸದರ ಬಲವು ಅದನ್ನು ಬಿಡದೆ ಹಿಂಡುವುದು. ಮತ್ತೆ ತುಂಬುವಾಗ ಒಂದು ಮೊದಲೇ ತುಂಬಿ, ಮಿತಿಮೀರಿ ಉಂಡು ಕಾಯುವುದು; ಇನ್ನೊಂದು ಅರೆಹೊಟ್ಟೆಯಲ್ಲಿ ಉಳಿಯುವುದು. ಪೆಟ್ಟಿಗೆಗಾದರೋ ಎರಡರ ಒಟ್ಟು ವೋಲ್ಟು ಮಾತ್ರ ಗೊತ್ತೇ ಹೊರತು ಒಂದೊಂದರ ಕಷ್ಟಸುಖ ಗೊತ್ತಿಲ್ಲ. ಆದುದರಿಂದ ಬದಲಾಯಿಸುವಾಗ ಎಲ್ಲವನ್ನೂ ಒಟ್ಟಿಗೆ, ಒಂದೇ ತಯಾರಿಕೆಯ ಒಂದೇ ಅಳತೆಯವುಗಳನ್ನಾಗಿ ಬದಲಾಯಿಸತಕ್ಕದ್ದು.

ಇನ್ನು ಕೆಲವರು, ಇನ್ವರ್ಟರಿನ 150 ಆಂಪಿಯರ್-ಗಂಟೆಯ ದೊಡ್ಡ ಬ್ಯಾಟರಿಯನ್ನೇ ಈ ಸಣ್ಣ ಪೆಟ್ಟಿಗೆಗೆ ಹೊಂದಿಸಬಾರದೇ ಎಂದು ಕೇಳುವುದುಂಟು. ಸಣ್ಣ ಪೆಟ್ಟಿಗೆಗಳಲ್ಲಿ ಸಾಮಾನ್ಯವಾಗಿರುವುದು 12 ವೋಲ್ಟು, 7 ಆಂಪಿಯರ್-ಗಂಟೆಯ ಬ್ಯಾಟರಿ. ಗುಣಿಸಿದರೆ 84 ವ್ಯಾಟ್-ಗಂಟೆ. ಆದರೆ ಈ ಅಳತೆಯು 20 ಗಂಟೆಗಳ ಕಾಲ ನಿಧಾನವಾಗಿ ಹೀರಿದಾಗಿನದು. 100 ವ್ಯಾಟಿನ ಕಂಪ್ಯೂಟರು ಒಮ್ಮೆಗೇ ಹೀರಿದರೆ ಅರ್ಧ ಗಂಟೆಯೂ ಬಾರದು. ಬ್ಯಾಟರಿ ದೊಡ್ಡದಾದರೆ ಕಾಲವೇನೋ ಹೆಚ್ಚುವುದು. ಪೆಟ್ಟಿಗೆಯು ಹೊರಬಲ್ಲ ಭಾರ ಹೆಚ್ಚದು. ಕೊಡ ಹಿರಿದಾದ ಮಾತ್ರಕ್ಕೆ ಅದರ ಬಾಯಿ ಹಿರಿದಾಗುವುದಿಲ್ಲವಷ್ಟೆ. ಮೇಲಾಗಿ, ಕೆಲವು ನಿಮಿಷ ದುಡಿಯಲೆಂದು ಮಾಡಿದ ಯಂತ್ರವನ್ನು ಗಂಟೆಗಟ್ಟಲೆ ದುಡಿಸಿದರೆ ಅದರ ಒಡಲು ಸುಡುವುದು. ಅದರೊಳಗಿನ ಸಣ್ಣ ಚಾರ್ಜರು ಆ ದೊಡ್ಡ ಬ್ಯಾಟರಿಯನ್ನು ದಿನಗಟ್ಟಲೆ ತುಂಬಿದರೂ ತುಂಬಿಸಲಾರದು. ನೀರು ಹಾಕುವ ಬ್ಯಾಟರಿಯಾದರೆ ತುಂಬುವಾಗ ಜಲಜನಕ ವಾಯುವು ಹೊರಡುವುದರಿಂದ, ಗಾಳಿಯಾಡದ ಕೋಣೆಯಲ್ಲಿ ಅಪಾಯವೂ ಉಂಟು. ಹೊರಗಿನ ಬ್ಯಾಟರಿಗೆಂದು ತಯಾರಕರೇ ಏರ್ಪಾಡು ಮಾಡಿಟ್ಟಿರುವ ಪೆಟ್ಟಿಗೆಗೆ ಮಾತ್ರ, ಅವರು ಹೇಳಿದ ಅಳತೆಯದನ್ನು ಮಾತ್ರ, ಸೇರಿಸುವುದು ಕ್ಷೇಮ.

ಬದಲಾಯಿಸುವ ಕ್ರಮವು ಕಠಿಣವಲ್ಲ. ಮೊದಲು ಪೆಟ್ಟಿಗೆಯನ್ನು ಆರಿಸಿ, ಗೋಡೆಯ ಪ್ಲಗ್ಗನ್ನೂ ಕೀಳಬೇಕು. ಉಂಗುರ ಬಳೆಗಳನ್ನು ತೆಗೆದಿಡಬೇಕು. ಲೋಹವು ಎರಡು ತುದಿಗಳಿಗೂ ತಗುಲಿದರೆ ಕ್ಷಣದಲ್ಲಿ ಕೆಂಪಗೆ ಕಾಯುವುದು. ಕೆಂಪು ತಂತಿ ಧನಕ್ಕೆ, ಕಪ್ಪು ತಂತಿ ಋಣಕ್ಕೆ. ಇದು ತಪ್ಪಿದರೆ ಪೆಟ್ಟಿಗೆಯೇ ಹಾಳಾದೀತು. ಹೊಸದನ್ನು ಒಂದು ರಾತ್ರಿ ಪೂರ್ತಿ ತುಂಬಲು ಬಿಟ್ಟು ಅನಂತರವೇ ನಂಬಬೇಕು. ಈ ಮುಚ್ಚಿದ ಬ್ಯಾಟರಿಗಳ ಆಯುಸ್ಸು 25 ಡಿಗ್ರಿಯ ತಂಪಿನಲ್ಲಿ ಸಾಮಾನ್ಯವಾಗಿ 3ರಿಂದ 5 ವರ್ಷ. ಶಾಖವು 10 ಡಿಗ್ರಿ ಏರಿದರೆ ಹೆಚ್ಚುಕಡಿಮೆ ಅರ್ಧಕ್ಕಿಳಿಯುವುದು. ಬಿಸಿಲು ಬೀಳುವ ಕಿಟಕಿಯ ಬಳಿ ಇಡುವವರು ಇದನ್ನು ನೆನೆಯಬೇಕು.

1859ರಲ್ಲಿ ಫ್ರಾನ್ಸ್ ದೇಶದ ಗಾಸ್ಟೋನ್ ಪ್ಲಾಂಟೆ ಎಂಬ ವಿಜ್ಞಾನಿಯು ನಿರ್ಮಿಸಿದ ಸೀಸದ ಬ್ಯಾಟರಿಯ ವಂಶವೇ ಇದು. ಸೀಸವು ವಿಷ, ವಿಶೇಷವಾಗಿ ಮಕ್ಕಳ ಮಿದುಳಿಗೆ ಮಾರಕ. ಹಳೆಯದನ್ನು ಕಸದ ರಾಶಿಗೆ ಹಾಕದೆ, ತುದಿಗಳಿಗೆ ಟೇಪು ಸುತ್ತಿ, ಬ್ಯಾಟರಿಯ ಅಂಗಡಿಗೇ ಹಿಂದಿರುಗಿಸಬೇಕು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಆಶಯವೂ ಇದೇ. ತೂಕಕ್ಕೆ ತಕ್ಕ ಹಣವೂ ಅಲ್ಲಿ ದೊರೆಯುವುದುಂಟು.

ಈಗ ನಮ್ಮ ಮನೆಯ ಪೆಟ್ಟಿಗೆಯಲ್ಲಿ ಎರಡೂ ಹೊಸವು. ಮಗುವಿನ ಕೈಗೆಟುಕದ, ಗಾಳಿಯಾಡುವ ಕಲ್ಲುಹಲಗೆಯ ಮೇಲೆ ಅದು ಕುಳಿತಿದೆ. ಹಾಕಿಸಿದ ದಿನವನ್ನು ನಾವೇ ಕಾಗದದಲ್ಲಿ ಬರೆದು ಅಂಟಿಸಿದ್ದೇವೆ. ಅಂದು ಉಳಿಸಿದ ಒಂದು ಬ್ಯಾಟರಿಯ ಬೆಲೆಗೆ ಎರಡು ಬ್ಯಾಟರಿಯ ಬೆಲೆ ತೆತ್ತದ್ದಾಯಿತು. ಹಣ ಹೋದುದಕ್ಕೆ ನಮಗೆ ಚಿಂತೆಯಿಲ್ಲ. ಸೊಸೆಯ ಆ ಪ್ರಶ್ನೆ ಮಾತ್ರ ಇಂದಿಗೂ ಕಿವಿಯಲ್ಲಿದೆ.