ವೇದಿಕೆಯ ಗೌರವ, ಪೇಟೆಯ ಗೌರವ

ವರ್ತಕ ಸಮುದಾಯದಲ್ಲಿ ಗೌರವವನ್ನು ಅಳೆಯುವ ಮಾನದಂಡ ಯಾವುದು? ವಾರ್ಷಿಕ ವಹಿವಾಟು, ಗೋದಾಮಿನ ವಿಸ್ತಾರ, ಸಮಾರಂಭದ ವೇದಿಕೆಯ ಮೇಲಿನ ಆಸನ, ಇವೇ ಸಾಮಾನ್ಯವಾಗಿ ಲೆಕ್ಕಕ್ಕೆ ಬರುತ್ತವೆ. ಆದರೆ ಮಾಲನ್ನು ಉದ್ರಿ ಕೊಡುವ ಸಂದರ್ಭ ಬಂದಾಗ ಅದೇ ವರ್ತಕನು ಬೇರೊಂದು ಅಳತೆಗೋಲನ್ನು ಕೈಗೆತ್ತಿಕೊಳ್ಳುತ್ತಾನೆ. ಈ ಮನುಷ್ಯ ಹೇಳಿದ ದಿನ ಹಣ ಕೊಡುವವನೇ, ಮಾಲಿನಲ್ಲಿ ಕೊರತೆ ಕಂಡರೆ ಒಪ್ಪಿಕೊಳ್ಳುವವನೇ ಎಂದು ವಿಚಾರಿಸುತ್ತಾನೆ. ವೇದಿಕೆಯ ಗೌರವ ಒಂದು, ಪೇಟೆಯ ಗೌರವ ಮತ್ತೊಂದು. ಇವೆರಡರ ನಡುವಿನ ಅಂತರ ಹೆಚ್ಚಿದಷ್ಟೂ ವ್ಯಾಪಾರಕ್ಕೆ ಅಪಾಯ.

ಸತ್ಯಂ ಕಂಪ್ಯೂಟರ್ ಸರ್ವೀಸಸ್ ಪ್ರಕರಣ ಇದಕ್ಕೆ ನಿದರ್ಶನ. 2008ರಲ್ಲಿ ಉತ್ತಮ ಆಡಳಿತಕ್ಕಾಗಿ ಗೋಲ್ಡನ್ ಪೀಕಾಕ್ ಪ್ರಶಸ್ತಿ ಪಡೆದಿದ್ದ ಆ ಸಂಸ್ಥೆಯ ಅಧ್ಯಕ್ಷರು, 2009ರ ಜನವರಿ 7ರಂದು ಲೆಕ್ಕಪತ್ರಗಳಲ್ಲಿ ಸಾವಿರಾರು ಕೋಟಿ ರೂಪಾಯಿಗಳ ಸುಳ್ಳು ನಮೂದುಗಳಿರುವುದನ್ನು ತಾವೇ ಒಪ್ಪಿಕೊಂಡರು. ಷೇರಿನ ಬೆಲೆ ಅಂದೇ ನೆಲಕಚ್ಚಿತು. ಪ್ರಶಸ್ತಿಪತ್ರವು ಲೆಕ್ಕಪುಸ್ತಕದ ಸತ್ಯಕ್ಕೆ ಸಾಕ್ಷಿಯಾಗಲಾರದು.

ಕನ್ನಡ ನಾಡಿಗೆ ಗೌರವದ ಬೇರೊಂದು ಪರಂಪರೆಯಿದೆ. 12ನೆಯ ಶತಮಾನದ ಶರಣರಲ್ಲಿ ದೋಣಿ ನಡೆಸುವ ಅಂಬಿಗರ ಚೌಡಯ್ಯ, ಬಟ್ಟೆ ಮಡಿ ಮಾಡುವ ಮಡಿವಾಳ ಮಾಚಯ್ಯ, ಹಗ್ಗ ಹೊಸೆಯುವ ನುಲಿಯ ಚಂದಯ್ಯ ತಮ್ಮ ಕಾಯಕದ ಹೆಸರಿನಿಂದಲೇ ಪೂಜ್ಯರಾದರು. ಚೆಲ್ಲಿದ ಅಕ್ಕಿಯನ್ನು ಆಯ್ದು ತರುತ್ತಿದ್ದ ಮಾರಯ್ಯ ಒಂದು ದಿನ ಅಗತ್ಯಕ್ಕಿಂತ ಹೆಚ್ಚು ತಂದಾಗ, ಅದನ್ನು ಹಿಂದಕ್ಕೆ ಸುರಿದು ಬರುವಂತೆ ಪತ್ನಿ ಲಕ್ಕಮ್ಮ ಹೇಳಿದ ಪ್ರಸಂಗ ಪ್ರಸಿದ್ಧವಾಗಿದೆ. ಇಂದಿನ ಮಾರುಕಟ್ಟೆ ಪ್ರಾಂಗಣದಲ್ಲಿಯೂ ತೂಕದವರು, ಹಮಾಲರು, ಅಂಗಡಿಯ ಗುಮಾಸ್ತರು ಇದೇ ಸಾಲಿಗೆ ಸೇರಿದವರು. ತೂಕದವನ ಕೈ ನೇರವಾಗಿದ್ದರೆ ಮಾತ್ರ ಮಾರಿದವನಿಗೂ ಕೊಂಡವನಿಗೂ ನ್ಯಾಯ ದೊರೆಯುತ್ತದೆ. ಇಂತಹವರನ್ನು ಏಕವಚನದಲ್ಲಿ ಕೂಗಿ ಕರೆಯುವ ಪದ್ಧತಿ ಇನ್ನಾದರೂ ನಿಲ್ಲಬೇಕು.

ಮಾಲೀಕರ ವಿಷಯದಲ್ಲಿ ಗೌರವದ ನಿಜವಾದ ಪರೀಕ್ಷೆ ನಡೆಯುವುದು ಸಣ್ಣ ಪೂರೈಕೆದಾರನ ಬಿಲ್ಲಿನ ಮುಂದೆ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆಯ ಪ್ರಕಾರ ಸೂಕ್ಷ್ಮ ಹಾಗೂ ಸಣ್ಣ ಉದ್ಯಮಗಳಿಗೆ, ಲಿಖಿತ ಒಪ್ಪಂದವಿಲ್ಲದಿದ್ದರೆ 15 ದಿನಗಳೊಳಗೆ, ಒಪ್ಪಂದವಿದ್ದರೂ 45 ದಿನ ಮೀರದಂತೆ ಹಣ ಪಾವತಿಯಾಗಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಅವಧಿ ಮೀರಿ ಪಾವತಿಸಿದ ಮೊತ್ತವನ್ನು ನಿಜವಾಗಿ ಪಾವತಿಸಿದ ವರ್ಷದಲ್ಲಿ ಮಾತ್ರ ಆದಾಯದಿಂದ ಕಳೆಯಬಹುದೆಂಬ ನಿಯಮವನ್ನು 2023ರ ಹಣಕಾಸು ಕಾಯ್ದೆ ಸೇರಿಸಿತು.

ಆದರೂ ಕಾನೂನು ಎಲ್ಲೆಡೆ ಕೈಚಾಚಲಾರದು. ಮುಂದಿನ ಆರ್ಡರ್ ತಪ್ಪೀತೆಂಬ ಭಯದಿಂದ ಸಣ್ಣ ತಯಾರಕನು ಬಡ್ಡಿ ಕೇಳುವುದಿಲ್ಲ, ದೂರನ್ನೂ ಕೊಡುವುದಿಲ್ಲ. 2021ರಲ್ಲಿ ಸಗಟು ಹಾಗೂ ಚಿಲ್ಲರೆ ವ್ಯಾಪಾರಿಗಳಿಗೆ ಉದ್ಯಮ್ ನೋಂದಣಿ ಮತ್ತೆ ದೊರೆತಾಗಲೂ ಅದರ ಪ್ರಯೋಜನವನ್ನು ಆದ್ಯತಾ ವಲಯದ ಸಾಲಕ್ಕೆ ಸೀಮಿತಗೊಳಿಸಲಾಯಿತು. ಕಾನೂನಿನ ಆಸರೆ ದೊರೆಯದ ಕಡೆ ಉಳಿಯುವುದು ಕೊಂಡವನ ಮಾತಿನ ಬೆಲೆಯೊಂದೇ. ಬ್ಯಾಂಕಿನಲ್ಲಿ ಹಣವಿದ್ದೂ ಬಡ ಪೂರೈಕೆದಾರನನ್ನು ತಿಂಗಳುಗಟ್ಟಲೆ ಅಲೆಸುವವನು ಅವನ ಬಂಡವಾಳವನ್ನು ಬಡ್ಡಿಯಿಲ್ಲದೆ ಬಳಸಿಕೊಂಡಂತೆಯೇ ಸರಿ. ಅಂತಹವನು ದೇವಸ್ಥಾನಕ್ಕೆ ಎಷ್ಟೇ ದೇಣಿಗೆ ಕೊಟ್ಟರೂ ಆ ದಾನದ ಒಂದು ಪಾಲು ಪೂರೈಕೆದಾರನದ್ದು.

ವಾಣಿಜ್ಯ ಸಂಸ್ಥೆಗಳು ಈ ದಿಕ್ಕಿನಲ್ಲಿ ಒಂದು ಹೆಜ್ಜೆ ಇಡಬಹುದು. ವಾರ್ಷಿಕ ಸಭೆಯಲ್ಲಿ ಶಾಲು, ಹಾರ, ಫಲತಾಂಬೂಲಗಳನ್ನು ಅರ್ಪಿಸುವ ಮುನ್ನ ಸನ್ಮಾನಿತರ ಬಗ್ಗೆ ಅವರ ಪೂರೈಕೆದಾರರನ್ನೂ ನೌಕರರನ್ನೂ ವಿಚಾರಿಸುವ ಪದ್ಧತಿ ಬರಲಿ. ಪ್ರತಿ ವರ್ಷ ಒಬ್ಬ ತೂಕದವರಿಗೆ, ಒಬ್ಬ ಹಿರಿಯ ಗುಮಾಸ್ತರಿಗೆ, ಸಕಾಲಕ್ಕೆ ಹಣ ಪಾವತಿಸುವ ಒಬ್ಬ ಸಣ್ಣ ವರ್ತಕನಿಗೆ ಅದೇ ವೇದಿಕೆಯಲ್ಲಿ ಅದೇ ಶಾಲು ಸಲ್ಲಲಿ. ಯುವ ಉದ್ಯಮಿಗಳು ಯಾರನ್ನು ನೋಡಿ ಕಲಿಯಬೇಕೆಂಬುದನ್ನು ಭಾಷಣಕ್ಕಿಂತ ಆ ಶಾಲು ಸ್ಪಷ್ಟವಾಗಿ ತಿಳಿಸುತ್ತದೆ.