ಮಗುವಿನ ಹೊಕ್ಕುಳು ಉಬ್ಬಿದರೆ ನಾಣ್ಯ ಕಟ್ಟಬೇಕೇ? ಅರಿಶಿನ ಹಚ್ಚಬೇಕೇ?

“ಮಗುವಿನ ಹೊಕ್ಕುಳು ಉಬ್ಬಿದೆಯೇ? ನಾಣ್ಯ ಇಟ್ಟು ಬಟ್ಟೆ ಕಟ್ಟಿ. ಬಳ್ಳಿ ಬೇಗ ಒಣಗಲು ಅರಿಶಿನ ಹಚ್ಚಿ.” ಇಂಥ ಸಲಹೆ ಮನೆಯ ಹಿರಿಯರಿಂದಲೂ ಬರುತ್ತದೆ, ವಾಟ್ಸಾಪ್‌ನಲ್ಲೂ ಬರುತ್ತದೆ. ಹೇಳುವವರ ಉದ್ದೇಶ ಒಳ್ಳೆಯದೇ. ಆದರೆ ಇದರಿಂದ ಮಗುವಿಗೆ ಒಳ್ಳೆಯದಾಗುತ್ತದೆಯೇ? ನೋಡೋಣ.

ಹೊಕ್ಕುಳು ಹೇಗೆ ಆಗುತ್ತದೆ?

ಗರ್ಭದಲ್ಲಿ ಮಗುವಿಗೆ ಪೋಷಕಾಂಶ, ಆಮ್ಲಜನಕ ಸಿಗುವುದು ಹೊಕ್ಕುಳಬಳ್ಳಿಯಿಂದ. ಅದರೊಳಗೆ ಸಾಮಾನ್ಯವಾಗಿ 3 ರಕ್ತನಾಳಗಳಿರುತ್ತವೆ. ಅವು ಹಾದುಹೋಗಲು ಮಗುವಿನ ಹೊಟ್ಟೆಯ ಸ್ನಾಯುವಿನ ನಡುವೆ ಒಂದು ಕಿಂಡಿ ಇರುತ್ತದೆ. ಹೆರಿಗೆಯಾದ ಮೇಲೆ ಬಳ್ಳಿಯನ್ನು ಕತ್ತರಿಸುತ್ತಾರೆ. ಉಳಿದ ತುಂಡು ಒಣಗಿ, ಕಪ್ಪಾಗಿ, ಹೆಚ್ಚಾಗಿ 1–2 ವಾರದಲ್ಲಿ ತಾನಾಗಿಯೇ ಬಿದ್ದುಹೋಗುತ್ತದೆ. ಆ ಜಾಗ ಪೂರ್ತಿ ಮಾಯುವವರೆಗೂ ಅದೊಂದು ಹಸಿ ಗಾಯವೇ.

ಅರಿಶಿನ ಕ್ರಿಮಿನಾಶಕ ಅಲ್ಲವೇ?

ಅಡುಗೆಮನೆಯ ಅರಿಶಿನದ ಡಬ್ಬಿಯೊಳಗೂ ರೋಗಾಣುಗಳಿರಬಹುದು. ಜೊತೆಗೆ ಅದರ ಬಣ್ಣ, ಸೋಂಕಿನ ಮೊದಲ ಗುರುತಾದ ಕೆಂಪನ್ನೇ ಮುಚ್ಚಿಬಿಡುತ್ತದೆ. ಎಣ್ಣೆ, ಬೂದಿ, ಪೌಡರ್ ಕೂಡ ಬೇಡ. ಸಗಣಿಯಂತೂ ಅಪಾಯಕಾರಿ: ಧನುರ್ವಾಯು ತರುವ ಬ್ಯಾಕ್ಟೀರಿಯಾ ಮಣ್ಣು, ಸಗಣಿಯಲ್ಲಿರುತ್ತದೆ. ಗರ್ಭಿಣಿಯರಿಗೆ ಲಸಿಕೆ, ಸ್ವಚ್ಛ ಹೆರಿಗೆ ಇವುಗಳಿಂದಾಗಿ ಭಾರತ 2015ರಲ್ಲಿ ತಾಯಿ ಮತ್ತು ನವಜಾತ ಶಿಶುಗಳ ಧನುರ್ವಾಯುವನ್ನು ನಿರ್ಮೂಲನೆ ಮಾಡಿತು. ಆದರೆ ಆ ಬ್ಯಾಕ್ಟೀರಿಯಾ ಮಣ್ಣಿನಿಂದ ಹೋಗಿಲ್ಲ.

ಹಾಗಾದರೆ ಏನು ಹಚ್ಚಬೇಕು? ವೈದ್ಯರು ಔಷಧಿ ಬರೆದುಕೊಡದಿದ್ದರೆ ಏನೂ ಬೇಡ. ಕೈ ತೊಳೆದು ಮುಟ್ಟಿ, ಜಾಗ ಒಣಗಿರಲಿ, ಡೈಪರನ್ನು ಹೊಕ್ಕುಳಿನ ಕೆಳಗೆ ಮಡಚಿ. ಬಳ್ಳಿಯನ್ನು ಎಳೆಯಬೇಡಿ.

ನಾಣ್ಯ ಕಟ್ಟಿದರೆ ಉಬ್ಬು ಇಳಿಯುತ್ತದೆಯೇ?

ಸ್ನಾಯುವಿನ ಕಿಂಡಿ ಮುಚ್ಚಲು ತಡವಾದರೆ, ಮಗು ಅತ್ತಾಗ ಅಥವಾ ಮುಕ್ಕಿದಾಗ ಹೊಕ್ಕುಳು ಉಬ್ಬುತ್ತದೆ. ಇದೇ ಹೊಕ್ಕುಳಿನ ಹರ್ನಿಯಾ. ಅವಧಿಗೆ ಮುನ್ನ ಹುಟ್ಟಿದ ಮಕ್ಕಳಲ್ಲಿ ಇದು ಹೆಚ್ಚು. ಸಾಮಾನ್ಯವಾಗಿ ನೋವಿರುವುದಿಲ್ಲ. ಬಹುತೇಕ ಮಕ್ಕಳಲ್ಲಿ 4–5 ವರ್ಷದೊಳಗೆ ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಆಮೇಲೂ ಉಳಿದರೆ ಸಣ್ಣ ಶಸ್ತ್ರಚಿಕಿತ್ಸೆ ಬೇಕಾಗಬಹುದು.

ನಾಣ್ಯಕ್ಕೆ ಒಳಗಿನ ಕಿಂಡಿಯನ್ನು ಮುಚ್ಚುವ ಶಕ್ತಿಯಿಲ್ಲ. ಬಿಗಿದ ಬಟ್ಟೆಯಡಿ ಬೆವರಿ ಚರ್ಮ ಕೆರೆದುಹೋಗಬಹುದು, ಸೋಂಕಾಗಬಹುದು. “ನಮ್ಮ ಮಗುವಿಗೆ ವಾಸಿಯಾಯಿತಲ್ಲ” ಎನ್ನುವವರ ಮಾತು ಸುಳ್ಳಲ್ಲ. ಆದರೆ ಕಟ್ಟದಿದ್ದರೂ ಅದು ವಾಸಿಯಾಗುತ್ತಿತ್ತು. ಹೆಸರು ಮಾತ್ರ ನಾಣ್ಯಕ್ಕೆ ಬಂತು.

ಯಾವಾಗ ವೈದ್ಯರ ಬಳಿ ಹೋಗಬೇಕು?

ಈ ಲಕ್ಷಣ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ:
• ಹೊಕ್ಕುಳಿನ ಸುತ್ತ ಕೆಂಪು, ಊತ, ಕೀವು ಅಥವಾ ದುರ್ವಾಸನೆ
• ನಿಲ್ಲದ ರಕ್ತಸ್ರಾವ
• ಜ್ವರ, ಮೈ ತಣ್ಣಗಾಗುವುದು, ಹಾಲು ಕುಡಿಯದಿರುವುದು, ಮಂಕಾಗಿರುವುದು
• ಉಬ್ಬು ಗಟ್ಟಿಯಾಗಿ, ಬಣ್ಣ ಬದಲಾಗಿ ಒಳಹೋಗದಿರುವುದು, ವಾಂತಿ

ಬಳ್ಳಿ 3 ವಾರವಾದರೂ ಬೀಳದಿದ್ದರೆ, ಬಿದ್ದ ಜಾಗದಲ್ಲಿ ಒದ್ದೆಯಾದ ಗುಲಾಬಿ ಬಣ್ಣದ ಗಂಟು ಕಂಡರೆ, ಹೊಕ್ಕುಳಿನಿಂದ ನೀರಿನಂಥ ದ್ರವ ಒಸರುತ್ತಲೇ ಇದ್ದರೆ ಕೂಡ ವೈದ್ಯರಿಗೆ ತೋರಿಸಿ. ಆ ಗಂಟು ಹೆಚ್ಚಾಗಿ ಗ್ರ್ಯಾನುಲೋಮಾ; ಚಿಕಿತ್ಸೆ ಸುಲಭ.

ನವಜಾತ ಶಿಶುವಿನಲ್ಲಿ ಹೊಕ್ಕುಳಿನ ಸೋಂಕು ಬೇಗ ರಕ್ತಕ್ಕೆ ಸೇರಬಹುದು. ಹಾಗಾಗಿ “ನಾಳೆ ನೋಡೋಣ” ಎನ್ನುವುದು ಬೇಡ. ನಿಮ್ಮ ಮನೆಯ ಗ್ರೂಪಿಗೆ ನಾಣ್ಯದ ಸಲಹೆ ಮತ್ತೆ ಬಂದರೆ, ಉತ್ತರವಾಗಿ ಈ ಲಕ್ಷಣಗಳ ಪಟ್ಟಿಯನ್ನು ಕಳಿಸಿ.