ಮೊದಲು ಸೈಕಲ್ ಹಿಂದೆ ಕೂತು ನೋಡಿ, ಆ್ಯಪ್ ಆಮೇಲೆ

ಶನಿವಾರ ಬೆಳಗಿನ ಜಾವ ನಂದಿಬೆಟ್ಟದ ಬುಡದಲ್ಲಿ ಕಾಣೋ ಒಂದು ದೃಶ್ಯ ಹೇಳ್ತೀನಿ. ಎರಡು ಲಕ್ಷ ದಾಟಿದ ಕಾರ್ಬನ್ ಸೈಕಲ್ಲು ರಸ್ತೆ ಪಕ್ಕದಲ್ಲಿ ನಿಂತಿದೆ. ಹಿಂದಿನ ಗೇರು ಕರಕರ ಅಂತಿದೆ. ಸವಾರ ಏನು ಮಾಡ್ತಾನೆ? ಬಗ್ಗಿ ನೋಡಲ್ಲ. ಜೇಬಿಂದ ಫೋನ್ ತೆಗೀತಾನೆ. ಬ್ಲೂಟೂತ್ ಆನ್ ಮಾಡ್ತಾನೆ, ಆ್ಯಪ್ ತೆರೀತಾನೆ. ಬ್ಯಾಟರಿ ಭರ್ತಿ, ಫರ್ಮ್‌ವೇರ್ ಹೊಸದು, ದೋಷ ಏನೂ ಇಲ್ಲ. "ಎಲ್ಲಾ ಸರಿ ಇದೆಯಲ್ಲ ಗುರು, ಮತ್ಯಾಕೆ ಸೌಂಡು?" ಅಂತ ಪಕ್ಕದವನನ್ನ ಕೇಳ್ತಾನೆ. ಪಕ್ಕದವನೂ ತನ್ನ ಫೋನ್ ತೆಗೀತಾನೆ.

ನಗಬೇಡಿ. ಮೂರು ವಾರ ಆ ಸವಾರ ನಾನೇ ಆಗಿದ್ದೆ.

ಆಗಿದ್ದು ಇಷ್ಟು. ಆಫೀಸಿನ ಬೇಸ್‌ಮೆಂಟಲ್ಲಿ ನಿಲ್ಲಿಸಿದ್ದ ಸೈಕಲ್ಲನ್ನ ಯಾರೋ ಸ್ಕೂಟರ್ ತೆಗೆಯುವಾಗ ಬಲಕ್ಕೆ ಬೀಳಿಸಿದ್ರು. ಎತ್ತಿ ನಿಲ್ಲಿಸಿ ಹೋಗಿದ್ದರು ಕೂಡ, ಪಾಪ. ಪೇಂಟಿಗೆ ಗೀರೂ ಬಿದ್ದಿರಲಿಲ್ಲ. ಮುಂದಿನ ರೈಡಿನಲ್ಲಿ ಸಣ್ಣ ಗೇರುಗಳು ಬೆಣ್ಣೆಯಂತೆ ಬೀಳ್ತಿದ್ವು, ಮೇಲಿನ ದೊಡ್ಡ ಗೇರುಗಳಲ್ಲಿ ಮಾತ್ರ ಚೈನು ಹಿಡಿಯೋದೋ ಬಿಡೋದೋ ಅಂತ ಒದ್ದಾಡ್ತಿತ್ತು. ಆ್ಯಪಿನಲ್ಲಿ ದೊಡ್ಡ ಗೇರಿಗೆ ಸರಿ ಮಾಡಿದ್ರೆ ಚಿಕ್ಕದು ಕೆಡೋದು, ಚಿಕ್ಕದಕ್ಕೆ ಸರಿ ಮಾಡಿದ್ರೆ ದೊಡ್ಡದು ಕೆಡೋದು. ಕೊನೆಗೆ ಒಂದು ಅಂಗಡಿಗೆ ಹೋದೆ. ಎಸಿ ಇತ್ತು, ಕಾಫಿ ಕೊಟ್ಟರು, ಲ್ಯಾಪ್‌ಟಾಪ್‌ಗೆ ಜೋಡಿಸಿ ನೋಡಿದರು. "ಡಿರೇಲರ್ ಹೋಗಿದೆ ಸರ್, ಹೊಸದೇ ಹಾಕ್ಬೇಕು" ಅಂದರು. ಅವರು ಹೇಳಿದ ಬೆಲೆ ನನ್ನ ಒಂದು ತಿಂಗಳ ಮನೆ ಬಾಡಿಗೆಗಿಂತ ಜಾಸ್ತಿ.

ಕಾರ್ಡ್ ತೆಗೆಯೋ ಮೊದಲು ಅದೃಷ್ಟಕ್ಕೆ ಒಬ್ಬ ಗೆಳೆಯನಿಗೆ ಫೋನ್ ಮಾಡಿದೆ. ಅವನು ಬಂದ, ಸೈಕಲ್ ಹಿಂದೆ ಕುಕ್ಕರುಗಾಲಲ್ಲಿ ಕೂತ, ಹತ್ತು ಸೆಕೆಂಡ್ ನೋಡಿದ. "ಹ್ಯಾಂಗರ್ ಬೆಂಡಾಗಿದೆ ಕಣೋ" ಅಂದ. ಡಿರೇಲರ್ ಬಿಚ್ಚಿ, ಅದೇ ತೂತಿಗೆ ಉದ್ದ ಕೈಯ ಒಂದು ಗೇಜ್ ತಿರುಪಿ, ನಿಧಾನವಾಗಿ ಒತ್ತಿ ನೇರ ಮಾಡಿದ. ಇಪ್ಪತ್ತು ನಿಮಿಷ. ಖರ್ಚು ಒಂದು ಮಸಾಲೆ ದೋಸೆ.

ಈಗ ನನ್ನ ಜಗಳ ಶುರು. ಜಗಳ ಆ ಅಂಗಡಿ ಮೇಲೆ ಅರ್ಧ, ನಮ್ಮಂಥವರ ಮೇಲೆ ಪೂರ್ತಿ.

"ಎಲೆಕ್ಟ್ರಾನಿಕ್ ಗೇರಿಗೆ ಟ್ಯೂನಿಂಗೇ ಬೇಕಿಲ್ಲ" ಅನ್ನೋ ಮಾತನ್ನ ನೀವೂ ಕೇಳಿರ್ತೀರಿ. ಇದು ಅರ್ಧ ಸತ್ಯ, ಹಾಗಾಗಿ ಪೂರ್ತಿ ಸುಳ್ಳಿಗಿಂತ ಅಪಾಯ. ಶಿಮಾನೊ 2009ರಲ್ಲಿ ಡ್ಯೂರಾ-ಏಸ್ ಡಿಐ2 ತಂದಾಗ, 2015ರಲ್ಲಿ ಸ್ರಾಮ್ ಕಂಪನಿ ವೈರೇ ಇಲ್ಲದ ಇ-ಟ್ಯಾಪ್ ತಂದಾಗ, ತೆಗೆದುಹಾಕಿದ್ದು ಏನನ್ನ? ಕೇಬಲ್ಲನ್ನ. ಹಳೇ ಗೇರಿನಲ್ಲಿ ಕೇಬಲ್ ಸಡಿಲ ಆಗೋದು, ಅದರ ಕವಚದೊಳಗೆ ಧೂಳು ಸೇರೋದು, ತುಕ್ಕು ಹಿಡಿಯೋದು ಇತ್ತು. ಆ ತಲೆನೋವು ಹೋಯ್ತು, ನಿಜ. 2022ರಲ್ಲಿ 105 ಸರಣಿಗೂ ಡಿಐ2 ಬಂದ ಮೇಲೆ ನಮ್ಮಂಥ ಸಂಬಳದವರ ಕೈಗೂ ಅದು ಎಟುಕಿತು. ಆದರೆ ಕೇಬಲ್ ಬಿಟ್ಟು ಉಳಿದಿದ್ದೆಲ್ಲ ಲೋಹವೇ. ಹ್ಯಾಂಗರ್, ಸ್ಕ್ರೂ, ಪುಲ್ಲಿ, ಚೈನು, ಕ್ಯಾಸೆಟ್ಟು, ಒಂದಕ್ಕೂ ಬ್ಲೂಟೂತ್ ಇಲ್ಲ.

ಡಿರೇಲರ್ ಒಳಗಿನ ಮೋಟಾರಿಗೆ ಗೊತ್ತಿರೋದು ಒಂದೇ ವಿಷಯ: ತಾನು ಎಷ್ಟು ತಿರುಗಿದ್ದೀನಿ ಅಂತ. ಕ್ಯಾಸೆಟ್ ಎಲ್ಲಿದೆ, ಚೈನು ಯಾವ ಹಲ್ಲಿನ ಮೇಲೆ ಕೂತಿದೆ, ತನ್ನನ್ನ ಹೊತ್ತಿರೋ ಹ್ಯಾಂಗರ್ ನೆಟ್ಟಗಿದೆಯಾ ಅನ್ನೋದು ಅದಕ್ಕೆ ಕಾಣಲ್ಲ. ಅದು ತನ್ನ ಲೆಕ್ಕಕ್ಕೆ ಸರಿಯಾದ ಜಾಗಕ್ಕೇ ಹೋಗಿ ನಿಂತು "ಆಯ್ತು" ಅಂತ ಹೇಳುತ್ತೆ. ಆ್ಯಪ್ ಆ ಮಾತನ್ನ ನಮಗೆ ದಾಟಿಸುತ್ತೆ. ನಮ್ಮ ಕೆಲಸದಲ್ಲಿ ಇದು ಹೊಸದೇ? ಡ್ಯಾಶ್‌ಬೋರ್ಡೆಲ್ಲ ಹಸಿರು, ಗ್ರಾಹಕನ ಮುಂದೆ ಖಾಲಿ ಪುಟ. ಅಂಥ ರಾತ್ರಿ ಎಷ್ಟು ಕಳೆದಿಲ್ಲ ನಾವು! ಆಫೀಸಿನಲ್ಲಿ ಕಲಿತ ಪಾಠವನ್ನ ಸೈಕಲ್ ಮುಂದೆ ಮರೆತುಬಿಡ್ತೀವಿ.

12 ಗೇರಿನ ಕ್ಯಾಸೆಟ್ಟಲ್ಲಿ ಒಂದು ಹಲ್ಲುಚಕ್ರಕ್ಕೂ ಪಕ್ಕದ್ದಕ್ಕೂ ನಡುವಿನ ಅಂತರ ಹೆಚ್ಚುಕಮ್ಮಿ ಮೂರೂವರೆ ಮಿಲಿಮೀಟರ್. ಅಷ್ಟರೊಳಗೆ ಎಲ್ಲ ಕೂರಬೇಕು. ಹ್ಯಾಂಗರ್ ಅನ್ನೋದು ಫ್ರೇಮಿಗೆ ಡಿರೇಲರನ್ನ ಹಿಡಿದಿಡೋ ಬೆರಳುದ್ದದ ಅಲ್ಯೂಮಿನಿಯಂ ತುಂಡು. ಅದು ಬೇಕಂತಲೇ ಮೆತ್ತಗಿರುತ್ತೆ. ಬಿದ್ದಾಗ ಫ್ರೇಮು ಮುರಿಯೋ ಬದಲು ಅದು ಬಾಗಲಿ ಅಂತ. ಅಂದ್ರೆ ಬಾಗೋದು ಅದರ ಕೆಲಸ, ಬಾಗಿದೆಯಾ ಅಂತ ನೋಡೋದು ನಮ್ಮ ಕೆಲಸ. ಅದು ತನ್ನ ಕೆಲಸ ಮಾಡಿದೆ. ನಾವು ಮಾಡಿಲ್ಲ.

ಹಾಗಾದ್ರೆ ನೋಡೋದು ಹೇಗೆ? ಸೈಕಲ್ಲಿನ ಹಿಂದೆ, ನೆಲಕ್ಕೆ ಸಮನಾಗಿ ಕೂತ್ಕೊಳ್ಳಿ. ಡಿರೇಲರಿನ ಎರಡು ಪುಲ್ಲಿಗಳೂ ಮೇಲಿನ ಹಲ್ಲುಚಕ್ರದ ನೇರಕ್ಕೆ, ಒಂದರ ಕೆಳಗೊಂದು ನಿಂತಿರಬೇಕು. ಕೆಳಗಿನ ಪುಲ್ಲಿ ಚಕ್ರದ ಕಡೆ ವಾಲಿದ್ರೆ ಹ್ಯಾಂಗರ್ ಮೇಲೆ ಅನುಮಾನಪಡಿ. ಕಣ್ಣಿಗೆ ನಂಬಿಕೆ ಇಲ್ಲದಿದ್ರೆ ಗೇಜ್ ಇದೆ. ಅದರ ತುದಿಯನ್ನ ರಿಮ್ಮಿನ ಮೇಲೆ, ಕೆಳಗೆ, ಹಿಂದೆ, ಮುಂದೆ ನಾಲ್ಕೂ ಕಡೆ ಹಿಡಿದು ಅಂತರ ನೋಡೋದು. ಕಡೆಯಿಂದ ಕಡೆಗೆ 4 ಮಿಲಿಮೀಟರಿಗಿಂತ ಜಾಸ್ತಿ ವ್ಯತ್ಯಾಸ ಬಂದ್ರೆ ನೇರ ಮಾಡ್ಬೇಕು. ನಮ್ಮೂರ ಸೈಕಲ್ ಶಾಪಿನ ಅಣ್ಣ ರಿಮ್ಮಿನ ಬೆಂಡು ತೆಗೆಯೋವಾಗ ಚಾಕ್‌ಪೀಸ್ ಹಿಡಿದು ಚಕ್ರ ತಿರುಗಿಸೋನು, ಎಲ್ಲಿ ಗೀರು ಬೀಳುತ್ತೋ ಅಲ್ಲಿನ ಕಡ್ಡಿ ಬಿಗಿಯೋನು. ಅದೇ ಲೆಕ್ಕ ಇದು. ಹ್ಯಾಂಗರಲ್ಲಿ ಬಿರುಕು ಕಂಡ್ರೆ ಮಾತ್ರ ನೇರ ಮಾಡೋಕೆ ಹೋಗ್ಬೇಡಿ, ನಿಮ್ಮ ಫ್ರೇಮಿಗೆ ಹೊಂದೋ ಹೊಸದನ್ನೇ ಹಾಕಿ.

ಎರಡನೇದು ಚೈನು. 12 ಇಂಚಿನ ಉಕ್ಕಿನ ಸ್ಕೇಲ್ ಇಟ್ಟು ನೋಡಿ. ಒಂದು ಪಿನ್ನಿನ ನಡುವಿಗೆ ಸೊನ್ನೆ ಇಟ್ಟರೆ 24ನೇ ಪಿನ್ನಿನ ನಡು ಸರಿಯಾಗಿ 12 ಇಂಚಿಗೆ ಬರಬೇಕು. ಒಂದೂವರೆ ಮಿಲಿಮೀಟರ್ ದಾಟಿ ಹೋಗಿದ್ರೆ ಸವೆತ ಶೇಕಡಾ 0.5 ಮುಟ್ಟಿತು, ಚೈನು ಬದಲಿಸಿ. ಸವೆದ ಚೈನಿಗೆ ಯಾವ ಟ್ಯೂನಿಂಗೂ ನಿಲ್ಲಲ್ಲ, ಮೇಲಿಂದ ಕ್ಯಾಸೆಟ್ಟನ್ನೂ ತಿಂದು ಹಾಕುತ್ತೆ.

ಇದೆಲ್ಲ ಆದ ಮೇಲೆ ಮೈಕ್ರೋ ಅಡ್ಜಸ್ಟ್‌ಮೆಂಟ್. ಡಿಐ2 ಆದ್ರೆ ಹೊಂದಿಸೋ ಮೋಡಿಗೆ ಹಾಕಿ, ಕ್ಯಾಸೆಟ್ಟಿನ ನಡುವಿನ ಒಂದು ಗೇರಲ್ಲಿಟ್ಟು, ಚೈನು ಪಕ್ಕದ ದೊಡ್ಡ ಚಕ್ರಕ್ಕೆ ಸ್ವಲ್ಪ ಸವರಿ ಸದ್ದು ಮಾಡೋವರೆಗೆ ಒಂದೊಂದೇ ಹೆಜ್ಜೆ ಒಳಗೆ ತನ್ನಿ. ಸದ್ದು ಬಂದ ಕೂಡಲೇ ನಾಲ್ಕೈದು ಹೆಜ್ಜೆ ಹೊರಗೆ. ಇಲ್ಲಿ ಅಳತೆಯ ಉಪಕರಣ ಯಾವುದು ಗಮನಿಸಿದ್ರಾ? ನಿಮ್ಮ ಕಿವಿ. ಲಕ್ಷಗಟ್ಟಲೆ ಬೆಲೆಯ ಯಂತ್ರ ಕೊನೆಗೆ ಕೇಳೋದು "ಸದ್ದು ಬಂತಾ?" ಅಂತಾನೇ.

ಆಮೇಲೆ ಲಿಮಿಟ್ ಸ್ಕ್ರೂ. ಎಲೆಕ್ಟ್ರಾನಿಕ್ ಆದ್ರೂ ಡಿಐ2ನಲ್ಲಿ ಅವು ಇವೆ, ಅಲೆನ್ ಕೀಲೇ ತಿರುಗಿಸ್ಬೇಕು. ಅತಿ ದೊಡ್ಡ ಚಕ್ರದಲ್ಲಿಟ್ಟು ಒಳಗಿನ ಸ್ಕ್ರೂ ಡಿರೇಲರಿಗೆ ತಾಗುವಷ್ಟು ಮಾತ್ರ ಬಿಗಿಯಿರಿ. ಅತಿಯಾಗಿ ಬಿಗಿದ್ರೆ ಮೋಟಾರ್ ತನ್ನ ಜಾಗ ಮುಟ್ಟೋಕಾಗದೆ ತಪ್ಪಾಗಿ ನಡ್ಕೊಳ್ಳುತ್ತೆ. ಅತಿ ಚಿಕ್ಕ ಚಕ್ರದ ಕಡೆ ತಾಗಿದ ಮೇಲೆ ಒಂದು ಸುತ್ತು ಸಡಿಲ ಬಿಡಬೇಕು, ಯಾಕಂದ್ರೆ ಮೋಟಾರ್ ಚೂರು ದಾಟಿ ಹೋಗಿ ವಾಪಸ್ ಬರುತ್ತೆ.

ಈ ಒಳಗಿನ ಸ್ಕ್ರೂ ವಿಷಯದಲ್ಲಿ ತಮಾಷೆ ಬೇಡ. ಬೆಟ್ಟ ಹತ್ತೋವಾಗ ನಾವಿರೋದು ಅತಿ ದೊಡ್ಡ ಚಕ್ರದಲ್ಲಿ, ಕಡ್ಡಿಗಳಿಗೆ ಅತಿ ಹತ್ತಿರದಲ್ಲಿ. ಹ್ಯಾಂಗರ್ ಒಳಕ್ಕೆ ಬಾಗಿ, ಲಿಮಿಟ್ಟೂ ತಪ್ಪಿದ್ರೆ ಪುಲ್ಲಿಯ ಪಂಜರ ಕಡ್ಡಿಯೊಳಗೆ ಹೋಗುತ್ತೆ. ಮರುಕ್ಷಣ ಡಿರೇಲರ್ ಪುಡಿ, ಚಕ್ರ ಲಾಕ್. ಹಿಂದೆ ಲಾರಿ ಬರ್ತಿದ್ರೆ ಏನಾಗುತ್ತೆ ಅಂತ ನಾನು ಬಿಡಿಸಿ ಹೇಳಬೇಕಿಲ್ಲ. ದೊಡ್ಡ ಗೇರಲ್ಲಿ "ಟಿಕ್ ಟಿಕ್" ಅಂತ ಕಡ್ಡಿಗೆ ತಾಗೋ ಸದ್ದು ಬಂತೋ, ಇಳೀರಿ. ಆ ಸದ್ದಿಗೆ ಆ್ಯಪಲ್ಲಿ ನೋಟಿಫಿಕೇಶನ್ ಬರಲ್ಲ.

ನೀವು ಎತ್ತೋ ಆಕ್ಷೇಪಗಳೂ ಗೊತ್ತು. "ಅಪ್‌ಡೇಟ್ ಮಾಡೋದೇ ಬೇಡ ಅಂತೀಯಾ?" ಅಂಥ ಮಾತು ಆಡಿದ್ರೆ ನನ್ನ ಬಿಇ ಡಿಗ್ರಿ ವಾಪಸ್ ಕೇಳ್ತಾರೆ. 2024ರಲ್ಲಿ ಅಮೆರಿಕದ ಸಂಶೋಧಕರು ಶಿಮಾನೊ ವೈರ್‌ಲೆಸ್ ಗೇರಿನ ರೇಡಿಯೊ ಸಂಕೇತವನ್ನ ಹಿಡಿದಿಟ್ಕೊಂಡು, ಮತ್ತೆ ಬಿತ್ತರಿಸಿ, ಬೇರೆಯವರ ಗೇರು ಬದಲಿಸಿ ತೋರಿಸಿದ್ರು. ಅದಕ್ಕೆ ಮದ್ದು ಫರ್ಮ್‌ವೇರೇ. ಮಾಡಿ, ತಪ್ಪದೆ ಮಾಡಿ. ಆದರೆ ಕೋಡಿನ ಕಾಯಿಲೆಗೆ ಕೋಡು ಮದ್ದು, ಬಾಗಿದ ಲೋಹಕ್ಕಲ್ಲ.

"ಹೊಸ ಡಿರೇಲರಲ್ಲಿ ಹ್ಯಾಂಗರೇ ಇಲ್ವಲ್ಲ" ಅಂತೀರಾ? ನಿಜ. ಸ್ರಾಮ್ 2023ರಲ್ಲಿ ಮೌಂಟನ್ ಬೈಕಿಗೆ ಬಿಟ್ಟ ಟ್ರಾನ್ಸ್‌ಮಿಷನ್ ನೇರ ಫ್ರೇಮಿಗೇ ಕೂರುತ್ತೆ, ಲಿಮಿಟ್ ಸ್ಕ್ರೂ ಕೂಡ ಇಲ್ಲ. ಆದರೆ ಇದು ನನ್ನ ಮಾತಿಗೇ ಸಾಕ್ಷಿ. ಸಮಸ್ಯೆ ಸಾಫ್ಟ್‌ವೇರಿನದಾಗಿದ್ರೆ ಅಪ್‌ಡೇಟ್ ಕೊಟ್ಟು ಸುಮ್ಮನಿರ್ತಿದ್ರು. ಹ್ಯಾಂಗರನ್ನೇ ಕಿತ್ತುಹಾಕಿದ್ರು ಅಂದ್ರೆ ದುರ್ಬಲ ಜಾಗ ಯಾವುದು ಅಂತ ಮಾಡಿದವರಿಗೇ ಗೊತ್ತಿತ್ತು.

"ನನ್ನ ಟೈಮಿಗೆ ಬೆಲೆ ಇದೆ, ದುಡ್ಡು ಕೊಟ್ಟು ಮಾಡಿಸ್ತೀನಿ" ಅನ್ನೋದು ಮೂರನೇದು. ಮಾಡಿಸಿ, ತಪ್ಪೇನಿಲ್ಲ. ನಾನೂ ಎಷ್ಟೋ ಕೆಲಸ ಮಾಡಿಸ್ತೀನಿ. ಆದರೆ ಏನಾಗಿದೆ ಅಂತ ಗೊತ್ತಿದ್ದು ಮಾಡಿಸೋದು ಬೇರೆ, ಅವರು ಹೇಳಿದ್ದಕ್ಕೆಲ್ಲ ತಲೆ ಆಡಿಸೋದು ಬೇರೆ. ಬಿದ್ದ ಮೇಲೆ ಡಿಐ2 ಸುಮ್ಮನಾದ್ರೆ ಸತ್ತುಹೋಯ್ತು ಅಂತಲ್ಲ. ಪೆಟ್ಟು ತಡೆಯೋಕೆ ಅದು ಮೋಟಾರಿನ ಕೊಂಡಿಯನ್ನ ತಾನೇ ಬಿಡಿಸ್ಕೊಂಡಿರಬಹುದು, ಬಟನ್ ಒತ್ತಿ ಹಿಡಿದು ರೀಸೆಟ್ ಮಾಡಿದ್ರೆ ಮತ್ತೆ ಸೇರ್ಕೊಳ್ಳುತ್ತೆ. ಇಷ್ಟು ಗೊತ್ತಿಲ್ಲದವನಿಗೆ "ಹೊಸದೇ ಹಾಕ್ಬೇಕು ಸರ್" ಅನ್ನೋದು ಎಷ್ಟು ಸುಲಭ! ಪಾರ್ಟ್ ಮಾರಿದ್ರೆ ಲಾಭ, ಹ್ಯಾಂಗರ್ ನೇರ ಮಾಡಿದ್ರೆ ಲೇಬರ್ ಚಾರ್ಜ್ ಅಷ್ಟೇ. ನೋಡೋ ಗ್ರಾಹಕ ಇದ್ದ ಕಡೆ ಮಾತ್ರ ರಿಪೇರಿ ಅನ್ನೋದು ಉಳ್ಕೊಳ್ಳುತ್ತೆ. ನೋಡದವರು ಜಾಸ್ತಿಯಾದಷ್ಟೂ ನೇರ ಮಾಡೋ ಕೈ ಕಡಿಮೆಯಾಗುತ್ತೆ, ಬದಲಿಸೋ ಕೈ ಹೆಚ್ಚಾಗುತ್ತೆ.

ಕೈಗೆ ಗ್ರೀಸ್ ಆಗೋದನ್ನ ನಾವು ಊರಲ್ಲೇ ಬಿಟ್ಟು ಬಂದ ಕೆಲಸ ಅಂದ್ಕೊಂಡಿದೀವಿ ಅನ್ಸುತ್ತೆ. ನನಗೂ ಹಾಗೇ ಇತ್ತು. ಬೆಂಗಳೂರಿಗೆ ಬಂದಿದ್ದೇ ಕೈ ಚೊಕ್ಕವಾಗಿಟ್ಕೊಂಡು ದುಡಿಯೋಕೆ ತಾನೇ? ಆದರೆ ಹದಿನಾಲ್ಕು ವರ್ಷಕ್ಕೆ ಬಾಡಿಗೆ ಸೈಕಲ್ಲಿನ ಚೈನು ಕಳಚಿದ್ರೆ ಕಡ್ಡಿ ಸಿಕ್ಕಿಸಿ ಏರಿಸ್ತಿದ್ದ ನಾನು, ಮೂವತ್ತು ದಾಟಿದ ಮೇಲೆ ಮೂರು ವಾರ ಫೋನ್ ನೋಡ್ತಾ ಕೂತಿದ್ದೆ. ಇದನ್ನ ಮುಂದುವರಿಯೋದು ಅಂತ ಕರೆಯೋಕೆ ನನಗೆ ನಾಲಿಗೆ ಬರ್ತಿಲ್ಲ.

ಶುಕ್ರವಾರ ಸಂಜೆ ಹತ್ತು ನಿಮಿಷ ಸಾಕು. ಒಂದು ಸ್ಕೇಲು, ಒಂದು ಅಲೆನ್ ಕೀ, ಒಂದು ಹಳೇ ಬನಿಯನ್ನು. ಗೇಜ್ ಒಂದನ್ನ ನಾನೀಗ ಕೊಂಡಿಟ್ಕೊಂಡಿದೀನಿ. ಶನಿವಾರ ಬೆಟ್ಟದ ಬುಡದಲ್ಲಿ ಸಿಕ್ಕಿದ್ರೆ ಕೇಳಿ, ಕೊಡ್ತೀನಿ. ದೋಸೆ ನಿಮ್ಮ ಖರ್ಚು. ಆದರೆ ಹತ್ತಿರ ಬರೋ ಮೊದಲು ಫೋನ್ ಜೇಬಿಗಿಡಿ.